ತುಂಗಭದ್ರಾ ಜಲಾನಯನದ ಮಾದರಿ: ಹೂಳಿನ ಲೆಕ್ಕ ಎಲ್ಲಿ ತಪ್ಪುತ್ತದೆ, ಹೇಗೆ ಹುಡುಕುವುದು

ನದಿಯ ನೀರು, ಹೂಳಿನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಕೊನೆಯವರೆಗೂ ಓಡುತ್ತದೆ. ಎರರ್ ಒಂದೂ ಬರುವುದಿಲ್ಲ. ಗ್ರಾಫ್ ತೆರೆದರೆ ಮಾತ್ರ 2080ರ ಹೊತ್ತಿಗೆ ಜಲಾಶಯಕ್ಕೆ ಬರುವ ಹೂಳು ಐದು ಪಟ್ಟಾಗಿರುತ್ತದೆ, ಇಲ್ಲವೇ ಮುಂಗಾರಿನ ನೀರು ಫೆಬ್ರವರಿಯಲ್ಲೇ ಬಂದಿರುತ್ತದೆ. ಹವಾಮಾನ ಬದಲಾವಣೆ ಅಂದಮೇಲೆ ಏನು ಬೇಕಾದರೂ ಆಗಬಹುದಲ್ವಾ ಎಂದು ಅದನ್ನು ಹಾಗೇ ವರದಿಗೆ ಸೇರಿಸುವವರೂ ಇದ್ದಾರೆ. ಪ್ರೋಗ್ರಾಂ ನಿಂತುಹೋದರೆ ನಮಗೆ ಗೊತ್ತಾಗುತ್ತದೆ. ತಪ್ಪು ಉತ್ತರ ಕೊಟ್ಟು ಸುಮ್ನೆ ಕೂತರೆ ಗೊತ್ತಾಗುವುದಿಲ್ಲ. ಈ ಕೈಪಿಡಿ ಆ ಎರಡನೆಯ ಥರದ ದೋಷಗಳ ಬಗ್ಗೆ.

ಇಲ್ಲಿ ಬಳಸಿರುವುದು ಸ್ವಾಟ್ 2012 ಮಾದರಿ. ಮಳೆ, ಮಣ್ಣು, ಇಳಿಜಾರು, ಭೂಬಳಕೆ ಕೊಟ್ಟರೆ ನದಿಗೆ ಎಷ್ಟು ನೀರು, ಎಷ್ಟು ಹೂಳು ಬರುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಇದು. ಉದಾಹರಣೆಗೆ ತೆಗೆದುಕೊಂಡಿರುವುದು ಹೊಸಪೇಟೆಯ ತುಂಗಭದ್ರಾ ಜಲಾಶಯದ ಮೇಲಿನ ಜಲಾನಯನ. ಈ ಜಾಗ ಮಾದರಿಯನ್ನು ಚೆನ್ನಾಗಿ ಪರೀಕ್ಷೆ ಮಾಡುತ್ತದೆ. ತುಂಗಾ, ಭದ್ರಾ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡ್ಲಿಯಲ್ಲಿ ಸೇರುತ್ತವೆ, ಮುಂದೆ ವರದಾ ಬಂದು ಕೂಡುತ್ತದೆ. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಮೀ ದಾಟುತ್ತದೆ. ಹೊಸಪೇಟೆ, ಕೊಪ್ಪಳದ ಕಡೆ 600 ಮಿಮೀ ಆಸುಪಾಸು. ನಡುವೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಇದೆ. ಕೊನೆಯಲ್ಲಿ, ಹೂಳು ಎಷ್ಟು ತುಂಬಿದೆ ಎಂದು ಹಲವು ಸಲ ಅಳೆದಿರುವ ಒಂದು ಜಲಾಶಯ ಇದೆ.

ಹುಡುಕುವ ಕ್ರಮ ಒಂದೇ: ಮೊದಲು ಮಳೆ, ಆಮೇಲೆ ನೀರು, ಆಮೇಲೆ ಮಣ್ಣು, ಕೊನೆಗೆ ಹವಾಮಾನ. ನಲ್ಲಿಯಲ್ಲಿ ಕೆಂಪು ನೀರು ಬಂದರೆ ಯಾರೂ ನಲ್ಲಿ ಬದಲಿಸುವುದಿಲ್ಲ, ಮಾಳಿಗೆ ಹತ್ತಿ ಟ್ಯಾಂಕ್ ನೋಡುತ್ತಾರೆ. ಮಾದರಿ ಮಾಡುವವರು ಮಾತ್ರ ಹೂಳು ತಪ್ಪಿದ ಕೂಡಲೇ ಹೂಳಿನ ಪ್ಯಾರಾಮೀಟರನ್ನೇ, ಅಂದರೆ ಸೂತ್ರದೊಳಗೆ ನಾವು ಹೊಂದಿಸುವ ಸಂಖ್ಯೆಯನ್ನೇ, ತಿರುಗಿಸಲು ಕೂರುತ್ತಾರೆ. ಹಾಗೆ ಮಾಡಿದರೆ ಇವತ್ತಿನ ಅಂಕಿ ಸರಿಹೊಂದೀತು. ಮುಂದಿನ ಎಂಬತ್ತು ವರ್ಷದ ಅಂಕಿ ಕೆಡುತ್ತದೆ.

ಮೊದಲು ಒಂದು ಅಳತೆಗೋಲು

ದೋಷ ಹುಡುಕಬೇಕಾದರೆ ಸರಿ ಉತ್ತರ ಸುಮಾರು ಎಲ್ಲಿರಬೇಕು ಎಂದು ಗೊತ್ತಿರಬೇಕು. ತುಂಗಭದ್ರೆಯಲ್ಲಿ ಇದು ಬಹಳ ಸುಲಭ. ಜಲಾಶಯದ ಮೇಲಿನ ಜಲಾನಯನ ಸುಮಾರು 28,180 ಚದರ ಕಿಮೀ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಭಾಗಿಸಿ ನೋಡಿ. ಒಂದು ಟಿಎಂಸಿ ನೀರನ್ನು ಇಡೀ ಜಲಾನಯನದ ಮೇಲೆ ಹರಡಿದರೆ ಹೆಚ್ಚುಕಡಿಮೆ 1 ಮಿಮೀ ಆಗುತ್ತದೆ. ಮಾದರಿ ಮಿಮೀ ಲೆಕ್ಕದಲ್ಲಿ ಕೊಡುವ ನೀರಿನ ಇಳುವರಿಯನ್ನು (ಜಲಾನಯನದಿಂದ ನದಿಗೆ ಬರುವ ನೀರನ್ನು) ಹಾಗೇ ಟಿಎಂಸಿ ಎಂದು ಓದಿಕೊಳ್ಳಬಹುದು, ಕ್ಯಾಲ್ಕುಲೇಟರ್ ಬೇಡ. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ಜಲಾಶಯಕ್ಕೆ ಇಟ್ಟ ಬಳಕೆ, ಆವಿಯಾಗುವ ನೀರೂ ಸೇರಿ, 230 ಟಿಎಂಸಿ. ನಿಮ್ಮ ಮಾದರಿಯಲ್ಲಿ ಸರಾಸರಿ ಇಳುವರಿ 900 ಮಿಮೀ ಬಂದಿದ್ದರೆ ಬೇರೆ ಅಂಕಿಅಂಶ ನೋಡುವ ಅಗತ್ಯವೇ ಇಲ್ಲ. 80 ಮಿಮೀ ಬಂದಿದ್ದರೂ ಅಷ್ಟೇ.

ಹೂಳಿಗೂ ಇದೇ ಲೆಕ್ಕ. 1953ರಲ್ಲಿ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ. 2016ರ ಸಮೀಕ್ಷೆಯಲ್ಲಿ 105.79. 63 ವರ್ಷದಲ್ಲಿ 26.7 ಟಿಎಂಸಿ ಜಾಗ ಹೂಳಿಗೆ ಹೋಯಿತು. ಅಂದರೆ ಇಡೀ ಜಲಾನಯನದಿಂದ 26.7 ಮಿಮೀ, ವರ್ಷಕ್ಕೆ ಸುಮಾರು 0.42 ಮಿಮೀ. ನೀರಿನಡಿ ಕೂತ ಹೂಳಿನ ಒಣ ತೂಕ ಘನ ಮೀಟರಿಗೆ 1.2 ಟನ್ ಎಂದಿಟ್ಟುಕೊಂಡರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 5 ಟನ್.

ಆದರೆ ಇದನ್ನು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಅಂದುಕೊಳ್ಳಬೇಡಿ. 2008ರ ಸಮೀಕ್ಷೆ ಸಾಮರ್ಥ್ಯವನ್ನು 100.86 ಟಿಎಂಸಿ ಎಂದಿತ್ತು. ಎಂಟು ವರ್ಷದ ನಂತರ ಅದು ಸುಮಾರು 5 ಟಿಎಂಸಿ ಜಾಸ್ತಿಯಾಗಿ ಕಂಡಿತು. ಅಷ್ಟು ಹೂಳನ್ನು ಯಾರೂ ಎತ್ತಿ ಹಾಕಿಲ್ಲ. ಅಳತೆಗೆ ಇರುವ ಮಿತಿ ಅದು. 2008ರ ಅಂಕಿ ಹಿಡಿದರೆ ವರ್ಷಕ್ಕೆ 0.57 ಮಿಮೀ, ಹೆಕ್ಟೇರಿಗೆ 7 ಟನ್ ಹತ್ತಿರ ಬರುತ್ತದೆ. ಹಾಗಾಗಿ ಗುರಿ ಒಂದು ಸಂಖ್ಯೆಯಲ್ಲ, 5ರಿಂದ 7ರ ಪಟ್ಟಿ. ಗೇಟಿನಿಂದ ಹೊರಹೋಗುವ ಸಣ್ಣ ಜೇಡಿಯನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಮೇಲೆ. ಮಾದರಿ 4 ಅಥವಾ 9 ಕೊಟ್ಟರೆ ಕೂತು ಯೋಚಿಸಬಹುದು. 60 ಕೊಟ್ಟರೆ ದೋಷ ಖಂಡಿತ ಇದೆ.

ಹೂಳು ಸಾವಿರ ಪಟ್ಟು ಏರುಪೇರಾಗಿದ್ದರೆ

ಇದು ಅಳತೆಯ ಮಾನದ (ಯೂನಿಟ್‌ನ) ತಪ್ಪು, ಬೇರೇನೂ ಅಲ್ಲ. ಕೇಂದ್ರ ಜಲ ಆಯೋಗದ ಹೂಳಿನ ಸಾಂದ್ರತೆ ಸಾಮಾನ್ಯವಾಗಿ ಲೀಟರಿಗೆ ಗ್ರಾಂನಲ್ಲಿ ಇರುತ್ತದೆ. ಹರಿವು ಸೆಕೆಂಡಿಗೆ ಘನ ಮೀಟರ್. ಎರಡನ್ನೂ ಗುಣಿಸಿ 86.4ರಿಂದ ಮತ್ತೆ ಗುಣಿಸಿದರೆ ದಿನಕ್ಕೆ ಎಷ್ಟು ಟನ್ ಎಂದು ಬರುತ್ತದೆ. ಸಾಂದ್ರತೆ ಮಿಲಿಗ್ರಾಂನಲ್ಲಿದ್ದರೆ ಗುಣಕ 0.0864. ಮಾದರಿಯ ನದಿ ಫೈಲಿನಲ್ಲಿ ಹೂಳು ಟನ್ನಿನಲ್ಲಿ ಇರುತ್ತದೆ, ಉಪಜಲಾನಯನದ (ಮಾದರಿ ಜಲಾನಯನವನ್ನು ಒಡೆದ ಸಣ್ಣ ಭಾಗದ) ಫೈಲಿನಲ್ಲಿ ಹೆಕ್ಟೇರಿಗೆ ಟನ್. ಒಂದನ್ನು ಇನ್ನೊಂದರ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳುವುದು ತೀರಾ ಸಾಮಾನ್ಯ.

ನೀರು ಸರಿ ಇದೆ, ಹೂಳು ಮಾತ್ರ ಜಾಸ್ತಿ

ಉಪಜಲಾನಯನಗಳ ನಕ್ಷೆ ತೆಗೆದು ಹೂಳು ಎಲ್ಲಿಂದ ಬರುತ್ತಿದೆ ನೋಡಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯೇ ಕಡುಗೆಂಪಾಗಿದ್ದರೆ ಮಾದರಿಗೆ ಮಲೆನಾಡು ಅರ್ಥವಾಗಿಲ್ಲ ಎಂದರ್ಥ. ಅಲ್ಲಿ ಇಳಿಜಾರು ಇದೆ, ಮಳೆ ಇದೆ. ಸೂತ್ರಕ್ಕೆ ಅಷ್ಟೇ ಸಾಕು, ಹೂಳು ಸುರಿಯುತ್ತದೆ. ನಿಜವಾದ ನೆಲದಲ್ಲಿ ಗುಡ್ಡದ ಮೇಲೆ ಕಾಡು, ಮರದ ನೆರಳಿನಲ್ಲಿ ಕಾಫಿ, ತಗ್ಗಿನಲ್ಲಿ ಅಡಿಕೆ ತೋಟ ಮತ್ತು ಬದು ಕಟ್ಟಿದ ಗದ್ದೆ ಇವೆ. ಗದ್ದೆ ಮಣ್ಣು ಕಳಿಸುವ ಜಾಗವಲ್ಲ, ಮೇಲಿಂದ ಬಂದ ಮಣ್ಣನ್ನು ಹಿಡಿದಿಡುವ ಜಾಗ. ಮಾದರಿ ಮಾತ್ರ ಭತ್ತವನ್ನು ಇಳಿಜಾರಿನಲ್ಲಿ ಬಿತ್ತಿದ ಮಾಮೂಲಿ ಬೆಳೆ ಎಂದುಕೊಳ್ಳುತ್ತದೆ. ಉತ್ತು ಬಿಟ್ಟ ಬರಿ ನೆಲ, ಜುಲೈ ಮಳೆ. ಇನ್ನೇನು ಬೇಕು?

ಮಾದರಿ ಪ್ರತಿ ಉಪಜಲಾನಯನವನ್ನೂ ಒಂದೇ ಬಗೆಯ ಭೂಬಳಕೆ, ಮಣ್ಣು, ಇಳಿಜಾರಿನ ತುಂಡುಗಳಾಗಿ ಒಡೆಯುತ್ತದೆ. ಭತ್ತದ ತುಂಡುಗಳಿಗೆ ಸಂರಕ್ಷಣೆಯ ಗುಣಕವನ್ನು, ಅಂದರೆ ಯುಎಸ್‌ಎಲ್‌ಇ-ಪಿಯನ್ನು, ಬೇರೆಯಾಗಿ ಇಳಿಸಿ. ಇಡೀ ಜಲಾನಯನಕ್ಕೆ ಒಂದೇ ಸಂಖ್ಯೆ ಹಾಕಬೇಡಿ. ಪ್ಯಾರಾಮೀಟರುಗಳನ್ನು ತಾನೇ ಹೊಂದಿಸುವ ಸ್ವಾಟ್-ಕಪ್ ತಂತ್ರಾಂಶಕ್ಕೆ ಇದನ್ನು ಪೂರ್ತಿ ಬಿಟ್ಟುಕೊಟ್ಟರೆ ಅದು ಎಲ್ಲ ಕಡೆ ಒಟ್ಟಿಗೆ ಇಳಿಸಿ ಒಟ್ಟು ಮೊತ್ತವನ್ನು ಸರಿಹೊಂದಿಸುತ್ತದೆ. ಆಗ ಮಲೆನಾಡಿನಲ್ಲಿ ಇನ್ನೂ ಜಾಸ್ತಿ, ಬಯಲುಸೀಮೆಯಲ್ಲಿ ತೀರಾ ಕಡಿಮೆ ಎಂಬ ಸ್ಥಿತಿ ಉಳಿಯುತ್ತದೆ. ಮುಂದೆ ಹವಾಮಾನ ಬದಲಾಗಿ ಒಂದು ಕಡೆ ಮಳೆ ಹೆಚ್ಚಿ ಇನ್ನೊಂದು ಕಡೆ ಕಡಿಮೆಯಾದಾಗ ಈ ಸುಳ್ಳು ಹಂಚಿಕೆಯೇ ಉತ್ತರವನ್ನು ತೀರ್ಮಾನಿಸುತ್ತದೆ. ಕಾಫಿ ತೋಟಕ್ಕೂ ಹೀಗೇ. ಭೂಬಳಕೆಯ ನಕ್ಷೆಯಲ್ಲಿ ಅದು ತೋಟಗಾರಿಕೆ ಬೆಳೆ ಎಂದಿರುತ್ತದೆ. ಮಾದರಿ ಅದಕ್ಕೆ ಬೇರೆ ದೇಶದ ಹಣ್ಣಿನ ತೋಟದ ಗುಣಕ ಹಾಕಿರುತ್ತದೆ.

ಎರಡನೆಯದು ಭದ್ರಾ ಜಲಾಶಯ. 71.5 ಟಿಎಂಸಿ ಹಿಡಿಯುವ ಅಣೆಕಟ್ಟೆ ತನ್ನ ಮೇಲಿನ ಹೂಳನ್ನು ಬಹುಪಾಲು ಅಲ್ಲೇ ಹಿಡಿದುಕೊಳ್ಳುತ್ತದೆ. ಮಾದರಿಯಲ್ಲಿ ಅದನ್ನು ಹಾಕದಿದ್ದರೆ ಆ ಹೂಳೆಲ್ಲ ಸೀದಾ ಹೊಸಪೇಟೆಗೆ ಬರುತ್ತದೆ. ಹಾಕಿದ್ದರೂ ಸಮತೋಲನ ಸಾಂದ್ರತೆ ಎಂಬ ಸಂಖ್ಯೆಯನ್ನು ನೋಡಿ. ನೀರಿನಲ್ಲಿರುವ ಹೂಳು ಆ ಸಂಖ್ಯೆಗಿಂತ ಹೆಚ್ಚಾದಾಗ ಮಾತ್ರ ಮಾದರಿ ಅದನ್ನು ಕೆಳಗೆ ಕೂರಿಸುತ್ತದೆ. ಸಂಖ್ಯೆ ದೊಡ್ಡದಿದ್ದರೆ ಜಲಾಶಯ ಹೆಸರಿಗಷ್ಟೇ ಇರುತ್ತದೆ. ಬೇಸಿಗೆಯ ಹರಿವು ಅಳತೆಗಿಂತ ತೀರಾ ಕಡಿಮೆ ಬರುತ್ತಿದ್ದರೂ ಕಾರಣ ಇಲ್ಲೇ ಇರಬಹುದು. ಭದ್ರೆಯಿಂದ ಬಿಡುವ ನೀರು ಮಾದರಿಗೆ ಗೊತ್ತಿಲ್ಲ. ಪಾಪ, ಕ್ಯಾಲಿಬ್ರೇಷನ್ (ಅಳತೆಗೆ ಹೊಂದುವಂತೆ ಪ್ಯಾರಾಮೀಟರ್ ತಿರುಗಿಸುವ ಕೆಲಸ) ಆಗ ಅಂತರ್ಜಲವನ್ನು ಹಿಂಡಿ ಆ ನೀರನ್ನು ತೋರಿಸಲು ನೋಡುತ್ತದೆ.

ಇದನ್ನು ಬೇರ್ಪಡಿಸಲು ಒಂದು ಒಳ್ಳೆಯ ದಾರಿ ಇದೆ. ವರದಾ ನದಿಯ ಮಾರೋಳ ಕೇಂದ್ರಕ್ಕೆ ಮೊದಲು ಕ್ಯಾಲಿಬ್ರೇಟ್ ಮಾಡಿ. ವರದೆಯ ಮೇಲೆ ಭದ್ರೆಯಂಥ ದೊಡ್ಡ ಅಣೆಕಟ್ಟೆ ಇಲ್ಲ. ಅಲ್ಲಿ ಸರಿಬಂದು ಹೊನ್ನಾಳಿ, ಹರಳಹಳ್ಳಿಯಲ್ಲಿ ತಪ್ಪಿದರೆ ದೋಷ ಅಣೆಕಟ್ಟೆಯ ಕಡೆ ಇದೆ. ಮಾರೋಳದಲ್ಲೇ ತಪ್ಪಿದರೆ ಮಣ್ಣು, ಮಳೆ, ಭೂಬಳಕೆಯ ಕಡೆ. ಹಾವೇರಿ, ಸೊರಬದ ಕೆರೆಗಳನ್ನು ಮಾತ್ರ ಮರೆಯಬೇಡಿ. ಅವೂ ಹೂಳು ಹಿಡಿಯುತ್ತವೆ.

ಮೂರನೆಯದನ್ನು ಬಹಳ ಜನ ನೋಡುವುದಿಲ್ಲ. ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಭದ್ರಾ ಅಣೆಕಟ್ಟೆಯ ಮೇಲಿನ ಭಾಗಕ್ಕೆ ಬೇರೆ ಮಾದರಿ ಮಾಡುವವರು 1990ರ ದಶಕದ ಹೂಳಿಗೆ ಕ್ಯಾಲಿಬ್ರೇಟ್ ಮಾಡಿ 2010ರ ನಂತರಕ್ಕೆ ಪರೀಕ್ಷಿಸಿದರೆ, ಎರಡೂ ಒಂದೇ ನೆಲವಲ್ಲ. ಹವಾಮಾನದ ಪರಿಣಾಮ ಎಂದು ಕಾಣುವ ಇಳಿಕೆ ಗಣಿ ನಿಂತದ್ದರ ಪರಿಣಾಮವಾಗಿರಬಹುದು.

ಇನ್ನೊಂದು ಸಣ್ಣ ಪರೀಕ್ಷೆ. ಉಪಜಲಾನಯನಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಮತ್ತೆ ಓಡಿಸಿ. ನೀರಿನ ಒಟ್ಟು ಮೊತ್ತ ಅಷ್ಟಾಗಿ ಬದಲಾಗುವುದಿಲ್ಲ. ಹೂಳು ಬದಲಾಗುತ್ತದೆ. ಸ್ವಾಟ್ ಬಳಸುವ ಮಸ್ಲ್ ಎಂಬ ಮಣ್ಣು ಸವೆತದ ಸೂತ್ರದಲ್ಲಿ ಹರಿವು, ಹರಿವಿನ ಗರಿಷ್ಠ ಮಟ್ಟ, ತುಂಡಿನ ವಿಸ್ತೀರ್ಣ ಮೂರನ್ನೂ ಗುಣಿಸಿ 0.56ರ ಘಾತಕ್ಕೆ ಏರಿಸುತ್ತಾರೆ. ತುಂಡಿನ ಗಾತ್ರ ಬದಲಾದರೆ ಉತ್ತರವೂ ಬದಲಾಗುವುದು ಅದಕ್ಕೇ. ಎತ್ತರದ ನಕ್ಷೆ 90 ಮೀಟರಿನದ್ದೋ 30 ಮೀಟರಿನದ್ದೋ ಎಂಬುದೂ ಇಳಿಜಾರನ್ನು ಬದಲಿಸುತ್ತದೆ. ಹಾಗಾಗಿ ಕ್ಯಾಲಿಬ್ರೇಷನ್ ಮುಗಿದ ಮೇಲೆ ಗಡಿ ಬದಲಿಸಬೇಡಿ. ಬದಲಿಸಿದರೆ ಹೂಳಿನ ಕೆಲಸ ಮೊದಲಿಂದ.

ಹೂಳು ತೀರಾ ಕಡಿಮೆ

ಮೊದಲು ಎರಡು ಮೊತ್ತ ತೆಗೆಯಿರಿ: ಉಪಜಲಾನಯನಗಳಿಂದ ಹೊರಟ ಹೂಳು, ನದಿಯ ಕೊನೆಯಲ್ಲಿ ಬಂದ ಹೂಳು. ಹೊರಟಿದ್ದು ಸರಿ ಇದ್ದು ಬಂದಿದ್ದು ಕಡಿಮೆ ಇದ್ದರೆ ದಾರಿಯಲ್ಲಿ ಕೂತಿದೆ. ನದಿಯ ಸಾಗಣೆ ಸಾಮರ್ಥ್ಯದ ಎಸ್‌ಪಿಕಾನ್ ಎಂಬ ಸಂಖ್ಯೆ ತಾನಾಗಿ 0.0001 ಇರುತ್ತದೆ, ಅದು ಕೊಡಬಹುದಾದ ಪಟ್ಟಿಯ ಕೆಳತುದಿ. ಇನ್ನೊಂದು, ನದಿ ಪಾತ್ರದ ಸವೆತದ ಸಂಖ್ಯೆಗಳು ಸೊನ್ನೆಯಲ್ಲೇ ಉಳಿದಿದ್ದರೆ ದಡದಿಂದ ಒಂದು ಹಿಡಿ ಮಣ್ಣೂ ಬರುವುದಿಲ್ಲ.

ಹೊರಟಿದ್ದೇ ಕಡಿಮೆ ಇದ್ದರೆ ಮಳೆಯ ಕಡೆ ಹೋಗಿ. ಭಾರತ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕದ ಮಳೆ ಎಲ್ಲರೂ ಬಳಸುವ ದತ್ತಾಂಶ. ಒಂದು ಚೌಕದ ಅಗಲ ಸುಮಾರು 27 ಕಿಮೀ. ಆಗುಂಬೆಯಿಂದ ತೀರ್ಥಹಳ್ಳಿಗೆ ಬರುವಷ್ಟರಲ್ಲಿ, ಅಂದರೆ ಒಂದು ಚೌಕದ ದೂರದಲ್ಲಿ, ಮಳೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸರಾಸರಿ ಮಾಡಿದ ಚೌಕದಲ್ಲಿ ಘಟ್ಟದ ನೆತ್ತಿಯ ಮಳೆ ಸವೆದುಹೋಗಿರುತ್ತದೆ. ಸ್ವಾಟ್ ಬೇರೆ, ಪ್ರತಿ ಉಪಜಲಾನಯನಕ್ಕೆ ಅದರ ನಡುಮಧ್ಯಕ್ಕೆ ಹತ್ತಿರದ ಒಂದೇ ಕೇಂದ್ರದ ಮಳೆ ಹಾಕುತ್ತದೆ. ದೊಡ್ಡ ಉಪಜಲಾನಯನ ಇದ್ದರೆ ಘಟ್ಟದ ಚೌಕ ಯಾರಿಗೂ ಸೇರದೆ ಉಳಿಯಬಹುದು. ಯಾವ ಕೇಂದ್ರ ಯಾವುದಕ್ಕೆ ಹೋಗಿದೆ ಎಂದು ಪಟ್ಟಿ ಮಾಡಿ ನೋಡಿ. ಪಶ್ಚಿಮದ ಅಂಚನ್ನು ಸಣ್ಣ ಸಣ್ಣ ಉಪಜಲಾನಯನಗಳಾಗಿ ಒಡೆಯುವುದು ಒಳ್ಳೆಯ ಪರಿಹಾರ.

ಎತ್ತರಕ್ಕೆ ತಕ್ಕಂತೆ ಮಳೆ ಹೆಚ್ಚಿಸುವ ಸೌಲಭ್ಯ ಸ್ವಾಟ್‌ನಲ್ಲಿದೆ. ಹಿಮಾಲಯದವರು ಅದನ್ನು ಬಳಸುತ್ತಾರೆ. ಇಲ್ಲಿ ಅದನ್ನು ಮುಟ್ಟಬೇಡಿ. ಆಗುಂಬೆಯ ಎತ್ತರ ಸುಮಾರು 640 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್. ಮಳೆ ಆಗುಂಬೆಯಲ್ಲೇ ಜಾಸ್ತಿ. ನಮ್ಮಲ್ಲಿ ಮಳೆ ನಿರ್ಧಾರವಾಗುವುದು ಘಟ್ಟದ ಅಂಚಿನಿಂದ ಎಷ್ಟು ಪೂರ್ವಕ್ಕೆ ಇದ್ದೀರಿ ಎಂಬುದರ ಮೇಲೆ.

ಒಮ್ಮೊಮ್ಮೆ ದೋಷ ಅಳತೆಯ ಕಡೆಯೇ ಇರುತ್ತದೆ. ನದಿಯಲ್ಲಿ ಹೂಳು ಅಳೆಯದ ದಿನಗಳಿಗೆ ಹರಿವಿನಿಂದ ಹೂಳನ್ನು ಅಂದಾಜು ಮಾಡಿ ತುಂಬುತ್ತೇವೆ. ಎರಡರ ಲಾಗರಿದಮ್ ತೆಗೆದು ಗೆರೆ ಎಳೆದು ಮತ್ತೆ ಹಿಂದಕ್ಕೆ ತಿರುಗಿಸಿದರೆ ಉತ್ತರ ಯಾವಾಗಲೂ ಕಡಿಮೆ ಕಡೆಗೇ ವಾಲುತ್ತದೆ. ಇದಕ್ಕೆ ತಿದ್ದುಪಡಿ ಗುಣಕ ಇದೆ. ಡುವಾನ್ 1983ರಲ್ಲಿ ಕೊಟ್ಟ ವಿಧಾನ ಸರಳವಾಗಿದೆ, ಅದನ್ನು ಹಾಕಿ. ಇಲ್ಲದಿದ್ದರೆ ಸರಿಯಾದ ಮಾದರಿಯನ್ನು ತಪ್ಪು ಅಳತೆಗೆ ಹೊಂದಿಸಿದಂತಾಗುತ್ತದೆ.

ನೀರೇ ವಿಚಿತ್ರವಾಗಿದ್ದರೆ: ಫೈಲಿನ ದೋಷಗಳು

ಹವಾಮಾನ ಇಲಾಖೆಯ ಚೌಕದ ತಾಪಮಾನದಲ್ಲಿ ದತ್ತಾಂಶ ಇಲ್ಲದ ಕಡೆ 99.9 ಎಂದಿರುತ್ತದೆ. ಸ್ವಾಟ್‌ಗೆ ಅದು ಗೊತ್ತಿಲ್ಲ. 99.9 ಡಿಗ್ರಿ ಸೆಲ್ಸಿಯಸ್ ಬಿಸಿಲು ಎಂದೇ ನಂಬಿ ಮಣ್ಣಿನ ನೀರನ್ನೆಲ್ಲ ಆವಿ ಮಾಡಿಬಿಡುತ್ತದೆ. ಒಂದೆರಡು ಉಪಜಲಾನಯನದಲ್ಲಿ ಮಾತ್ರ ನದಿ ಒಣಗಿದ್ದರೆ ಮೊದಲು ಇದನ್ನು ನೋಡಿ. ಮಳೆಯಲ್ಲಿ ಖಾಲಿ ಜಾಗಕ್ಕೆ -999 ಇರುತ್ತದೆ. ಅದನ್ನು ಸ್ವಾಟ್ ಖಾಲಿ ಎಂದೇ ಓದುತ್ತದೆ, ಆದರೆ ಸುಮ್ಮನಿರುವುದಿಲ್ಲ. ತನ್ನ ಹವಾಮಾನ ಜನಕದಿಂದ ಮಳೆ ತಾನೇ ಹುಟ್ಟಿಸುತ್ತದೆ. ಜನಕಕ್ಕೆ ಬೇರೆ ಊರಿನ ಅಂಕಿ ಕೊಟ್ಟಿದ್ದರೆ ಜನವರಿಯಲ್ಲಿ ಕೊಪ್ಪಳದಲ್ಲಿ ಮಳೆ ಬರುತ್ತದೆ. ತಿಂಗಳ ಸರಾಸರಿಯ ಒಂದು ಪಟ್ಟಿ ಮಾಡಿದರೆ ಎರಡೂ ಕಣ್ಣಿಗೆ ಬೀಳುತ್ತವೆ.

ದಿನದ ಗ್ರಾಫಿನಲ್ಲಿ ಎಲ್ಲ ಏರಿಕೆಗಳೂ ಒಂದೇ ದಿನ ಹಿಂದೆ ಮುಂದೆ ಇದ್ದರೆ ಗಾಬರಿ ಬೇಡ. ಇಲಾಖೆಯ ಮಳೆ ಬೆಳಿಗ್ಗೆ 8:30ಕ್ಕೆ ಅಳೆದದ್ದು, ಅದು ಹಿಂದಿನ 24 ಗಂಟೆಯ ಮಳೆ. ಹೆಚ್ಚಿನ ಪಾಲು ನಿನ್ನೆಯದು. ಮುಂದಿನ ಹವಾಮಾನವನ್ನು ಅಂದಾಜಿಸುವ ಜಾಗತಿಕ ಮಾದರಿಗಳ ದಿನ ಗ್ರೀನ್‌ವಿಚ್ ಮಧ್ಯರಾತ್ರಿಗೆ ಶುರುವಾಗುತ್ತದೆ.

ಮುಂಗಾರು ವರ್ಷ ವರ್ಷ ಹಿಂದೆ ಸರಿಯುತ್ತಿದೆ

2020ರಲ್ಲಿ ಜೂನ್, 2030ರಲ್ಲಿ ಏಪ್ರಿಲ್, 2040ರಲ್ಲಿ ಫೆಬ್ರವರಿ. ನೋಡಿದವರು ಮುಂಗಾರು ಬೇಗ ಬರುತ್ತದೆ ಎಂದು ಬರೆದುಬಿಟ್ಟಾರು! ಇದು ಹವಾಮಾನವಲ್ಲ, ಕ್ಯಾಲೆಂಡರ್. ಬ್ರಿಟನ್ನಿನ ಯುಕೆಇಎಸ್‌ಎಂ, ಹ್ಯಾಡ್‌ಜೆಮ್ ಮಾದರಿಗಳಲ್ಲಿ ವರ್ಷಕ್ಕೆ 360 ದಿನ, ತಿಂಗಳಿಗೆ ಸರಿಯಾಗಿ 30. ಸ್ವಾಟ್‌ಗೆ ಕೊಡುವ ಫೈಲಿನಲ್ಲಿ ಶುರುವಿನ ದಿನಾಂಕ ಒಂದೇ ಇದ್ದು ಕೆಳಗೆ ಬರೀ ಅಂಕಿಗಳ ಸಾಲು ಇರುತ್ತದೆ. ಹಾಗಾಗಿ ಪ್ರತಿ ವರ್ಷ ಐದು ದಿನ ಕಡಿಮೆ ಬಿದ್ದು ಇಪ್ಪತ್ತು ವರ್ಷಕ್ಕೆ ಮೂರೂವರೆ ತಿಂಗಳು ಜಾರುತ್ತದೆ. ಫೆಬ್ರವರಿ 29 ಇಲ್ಲದ ಮಾದರಿಗಳೂ ಇವೆ. ಅವು ಎಂಬತ್ತು ವರ್ಷದಲ್ಲಿ ಇಪ್ಪತ್ತು ದಿನ ಮಾತ್ರ ಜಾರುತ್ತವೆ. ಇವೇ ಹೆಚ್ಚು ಅಪಾಯ, ಏಕೆಂದರೆ ಇಪ್ಪತ್ತು ದಿನ ನಂಬುವಂತಿರುತ್ತದೆ. ಫೈಲಿನ ಒಟ್ಟು ಸಾಲುಗಳನ್ನು ಎಣಿಸಿ ನಿಜವಾದ ದಿನಗಳ ಸಂಖ್ಯೆಗೆ ಹೋಲಿಸಿ. ಸೆಕೆಂಡಿನ ಲೆಕ್ಕದ ಮಳೆಯನ್ನು ದಿನಕ್ಕೆ ತರಲು 86,400ರಿಂದ ಗುಣಿಸಿದ್ದೀರಾ, ಕೆಲ್ವಿನ್ ತಾಪಮಾನವನ್ನು ಸೆಲ್ಸಿಯಸ್ ಮಾಡಲು 273.15 ಕಳೆದಿದ್ದೀರಾ ಎಂದೂ ಅದೇ ಹೊತ್ತಿಗೆ ನೋಡಿಕೊಳ್ಳಿ.

ಜಾಗತಿಕ ಮಾದರಿಯ ಅಂಕಿಗಳು ಯಾವಾಗಲೂ ಒಂದೇ ಕಡೆ ವಾಲುವ ತಪ್ಪನ್ನು, ಅಂದರೆ ಪಕ್ಷಪಾತವನ್ನು, ತಿದ್ದುವಾಗ ಗರಿಷ್ಠ, ಕನಿಷ್ಠ ತಾಪಮಾನಗಳನ್ನು ಬೇರೆ ಬೇರೆಯಾಗಿ ತಿದ್ದಿದರೆ ಕೆಲವು ದಿನ ಕನಿಷ್ಠವೇ ಗರಿಷ್ಠವನ್ನು ದಾಟುತ್ತದೆ. ಹುಡುಕಿ ಸರಿಮಾಡಿ.

ಮಳೆ ಹೆಚ್ಚುತ್ತದೆ, ಹೂಳು ಮಾತ್ರ ಇಳಿಯುತ್ತದೆ

ಇದಕ್ಕೆ ಹೆಚ್ಚು ಸಮಯ ಕೊಡಿ. ನೋಡಲು ಅಸಲಿ ಫಲಿತಾಂಶದಂತೆಯೇ ಇರುವ ದೋಷ ಇದು.

ಒಂದು ಲೆಕ್ಕ ಹಾಕೋಣ. ಬಯಲುಸೀಮೆಯ ಹೊಲ, ಕರ್ವ್ ನಂಬರ್ (ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆ ಎಂದು ತೀರ್ಮಾನಿಸುವ ಸಂಖ್ಯೆ) 75. ಒಂದೇ ದಿನ 60 ಮಿಮೀ ಮಳೆ ಬಿದ್ದರೆ ಸೂತ್ರದ ಪ್ರಕಾರ ಹರಿದು ಹೋಗುವ ನೀರು 14.5 ಮಿಮೀ. ಅದೇ 60 ಮಿಮೀ ಮೂರು ದಿನ 20 ಮಿಮೀನಂತೆ ಬಿದ್ದರೆ ಮೂರೂ ದಿನದ್ದು ಸೇರಿ 0.3 ಮಿಮೀ. ಎರಡನೆಯ ದಿನಕ್ಕೆ ಮಣ್ಣು ತೇವವಾಗಿ ಕರ್ವ್ ನಂಬರ್ ಏರುವುದರಿಂದ ನಿಜದಲ್ಲಿ ವ್ಯತ್ಯಾಸ ಇಷ್ಟು ಇರುವುದಿಲ್ಲ. ಆದರೂ ಬಹಳ ದೊಡ್ಡದು. ಒಟ್ಟು ಮಳೆ ಒಂದೇ. ಹೂಳು ಒಂದು ಕಡೆ ಬರುತ್ತದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ.

ಈಗ ಹತ್ತಾರು ಜಾಗತಿಕ ಮಾದರಿಗಳ ದಿನದ ಮಳೆಯ ಸರಾಸರಿ ತೆಗೆದು, ಆ ಸರಾಸರಿ ಮಳೆಯಿಂದ ಸ್ವಾಟ್ ಓಡಿಸಿದರೆ ಏನಾಗುತ್ತದೆ? ಒಂದು ಮಾದರಿಯಲ್ಲಿ ಜುಲೈ 12ಕ್ಕೆ ಜೋರು ಮಳೆ, ಇನ್ನೊಂದರಲ್ಲಿ 19ಕ್ಕೆ. ಸರಾಸರಿಯಲ್ಲಿ ಎಲ್ಲ ದಿನವೂ ಜಿಟಿಜಿಟಿ. ಹರಿವು ಕುಸಿಯುತ್ತದೆ, ಹೂಳು ಅದಕ್ಕಿಂತ ಜಾಸ್ತಿ ಕುಸಿಯುತ್ತದೆ. ಪ್ರಕಟವಾದ ಕೆಲಸಗಳಲ್ಲೂ ಮಾದರಿಗಳ ಸರಾಸರಿಯನ್ನು ಸ್ವಾಟ್‌ಗೆ ಕೊಟ್ಟೆವು ಎಂಬ ಸಾಲು ಸಿಗುತ್ತದೆ. ವಾರ್ಷಿಕ ತಾಪಮಾನಕ್ಕೆ ಅದು ನಡೆದೀತು, ದಿನದ ಮಳೆಗೆ ನಡೆಯುವುದಿಲ್ಲ. ಪ್ರತಿ ಮಾದರಿಯನ್ನೂ ಬೇರೆಯಾಗಿ ಓಡಿಸಿ. ಸರಾಸರಿ ಬೇಕೇ ಬೇಕು ಅಂದರೆ ಬಂದ ಹೂಳಿನ ಸರಾಸರಿ ತೆಗೆಯಿರಿ.

ಒಂದೇ ಮಾದರಿ ಬಳಸಿದರೂ ಜಿಟಿಜಿಟಿಯ ಕಾಟ ತಪ್ಪುವುದಿಲ್ಲ. ಜಾಗತಿಕ ಮಾದರಿಗಳು ಸಣ್ಣ ಮಳೆಯ ದಿನಗಳನ್ನು ನಿಜಕ್ಕಿಂತ ಜಾಸ್ತಿ ಕೊಡುತ್ತವೆ, ದೊಡ್ಡ ಮಳೆಯನ್ನು ಕಡಿಮೆ ಕೊಡುತ್ತವೆ. ತಿಂಗಳ ಸರಾಸರಿಯನ್ನು ಮಾತ್ರ ಸರಿಹೊಂದಿಸುವ ತಿದ್ದುಪಡಿ ಒಟ್ಟು ಮಳೆಯನ್ನು ಸರಿ ಮಾಡುತ್ತದೆ, ಜಿಟಿಜಿಟಿಯನ್ನು ಹಾಗೇ ಬಿಡುತ್ತದೆ. ನೀರಿನ ಅಧ್ಯಯನಕ್ಕೆ ಅದು ಸಾಕಾಗಬಹುದು, ಹೂಳಿಗೆ ಸಾಲದು. 2.5 ಮಿಮೀ ಅಥವಾ ಅದಕ್ಕಿಂತ ಹೆಚ್ಚು ಮಳೆಯ ದಿನಗಳೆಷ್ಟು, 64.5 ಮಿಮೀ ತಲುಪಿದ ಅಥವಾ ದಾಟಿದ ದಿನಗಳೆಷ್ಟು ಎಂದು ಎಣಿಸಿ ಅಳತೆಯ ಜೊತೆ ಹೋಲಿಸಿ. ಮೊದಲನೆಯದು ಇಲಾಖೆಯ ಮಳೆ ದಿನದ ಮಿತಿ, ಎರಡನೆಯದು ಭಾರಿ ಮಳೆಯದು. ಈ ಎರಡೂ ಸುಮಾರಾಗಿ ಹೊಂದದಿದ್ದರೆ ಮುಂದೆ ಹೋಗಬೇಡಿ.

ಉಲ್ಟಾ ದೋಷವೂ ಇದೆ. ಸಣ್ಣ, ದೊಡ್ಡ ಮಳೆಗಳ ಹಂಚಿಕೆಯನ್ನೇ ಅಳತೆಗೆ ಹೊಂದುವಂತೆ ತಿದ್ದುವ ಕ್ವಾಂಟೈಲ್ ಮ್ಯಾಪಿಂಗ್ ವಿಧಾನ ಹಳೆಯ ದಾಖಲೆಯಲ್ಲಿ ಇಲ್ಲದಷ್ಟು ದೊಡ್ಡ ಮಳೆ ಬಂದಾಗ ಗೆರೆಯನ್ನು ಸುಮ್ನೆ ಮುಂದಕ್ಕೆ ಎಳೆಯುತ್ತದೆ. ಕೊಪ್ಪಳದಲ್ಲಿ ಒಂದೇ ದಿನ 1,200 ಮಿಮೀ ಸುರಿದುಬಿಡುತ್ತದೆ. ಹೂಳು ಐದು ಪಟ್ಟಾಗಿದ್ದರೆ ಒಟ್ಟು ಮೊತ್ತವನ್ನು ದಿನಗಳಿಗೆ ಒಡೆದು ನೋಡಿ. ಮೂವತ್ತು ವರ್ಷದ ಹೂಳಿನಲ್ಲಿ ಅರ್ಧ ಎರಡೋ ಮೂರೋ ದಿನಗಳಿಂದಲೇ ಬಂದಿದ್ದರೆ ಆ ದಿನಗಳ ಮಳೆಯನ್ನು ಅನುಮಾನಿಸಿ. ಮಾದರಿ ಹೇಳುವ ಬದಲಾವಣೆಯನ್ನು ಉಳಿಸಿಕೊಂಡು ತಿದ್ದುವ ಡೆಲ್ಟಾ ಥರದ ಕ್ವಾಂಟೈಲ್ ವಿಧಾನ ಇದಕ್ಕಿಂತ ಮೇಲು.

ಐಐಟಿ ಗಾಂಧಿನಗರದವರು 13 ಜಾಗತಿಕ ಮಾದರಿಗಳ ತಿದ್ದಿದ ದತ್ತಾಂಶವನ್ನು ದಕ್ಷಿಣ ಏಷ್ಯಾಕ್ಕೆ ಉಚಿತವಾಗಿ ಕೊಟ್ಟಿದ್ದಾರೆ. ಒಳ್ಳೆಯ ಆರಂಭ. ಆದರೆ ತಿದ್ದಿದ್ದನ್ನು ಮತ್ತೆ ನಿಮ್ಮ ಚೌಕಕ್ಕೆ ತಿದ್ದುವ ಮೊದಲು ಮೇಲಿನ ಎಣಿಕೆ ಮಾಡಿ. ಎರಡು ಸಲ ತಿದ್ದಿದರೆ ಮಾದರಿಯ ಬದಲಾವಣೆಯೇ ಅಳಿಸಿಹೋಗಬಹುದು.

ಹಾಗಾದರೆ ನಿಜವಾದ ಏರಿಕೆ ಎಷ್ಟಿರಬೇಕು? ಅದೇ ಹೊಲದಲ್ಲಿ 60 ಮಿಮೀ ಮಳೆ ಶೇ. 20 ಹೆಚ್ಚಾಗಿ 72 ಆದರೆ ಹರಿವು 14.5ರಿಂದ 21.7ಕ್ಕೆ ಏರುತ್ತದೆ, ಅಂದರೆ ಸುಮಾರು ಶೇ. 50. ಗರಿಷ್ಠ ಹರಿವೂ ಅಷ್ಟೇ ಏರಿತು ಎಂದಿಟ್ಟುಕೊಂಡರೆ ಹೂಳು ಶೇ. 57. ಜೋರು ಮಳೆ ಒಂದು ಪಾಲು ಹೆಚ್ಚಿದರೆ ಹೂಳು ಎರಡೂವರೆ, ಮೂರು ಪಾಲು ಏರುವುದು ಸಹಜ. ಹತ್ತು ಪಾಲು ಏರಿದರೆ ಕಾರಣ ಹುಡುಕಬೇಕು.

ಶತಮಾನದ ಕೊನೆಯಲ್ಲಿ ನದಿ ಉಕ್ಕುತ್ತಿದೆ

ಮಳೆ ಅಷ್ಟು ಹೆಚ್ಚಿಲ್ಲ, ತಾಪಮಾನ ಏರಿದೆ. ಆವಿಯಾಗುವಿಕೆ ಮಾತ್ರ ಕುಸಿದು ನೀರೆಲ್ಲ ನದಿಗೆ ಬರುತ್ತಿದೆ. ಇಂಗಾಲದ ಡೈಆಕ್ಸೈಡಿನ ಸಂಖ್ಯೆ ನೋಡಿ. ಸ್ವಾಟ್‌ನಲ್ಲಿ ಅದು ತಾನಾಗಿ 330 ಪಿಪಿಎಂ. ನಾವು ಈಗಾಗಲೇ 420 ದಾಟಿದ್ದೇವೆ, ಹಾಗಾಗಿ ಬದಲಿಸಬೇಕಾದ್ದು ಸರಿಯೇ. ಆವಿಯಾಗುವ ನೀರನ್ನು ಲೆಕ್ಕ ಹಾಕುವ ಪೆನ್‌ಮನ್-ಮಾಂಟೀತ್ ವಿಧಾನದಲ್ಲಿ ಎಲೆಯ ರಂಧ್ರ ಎಷ್ಟು ತೆರೆದಿರುತ್ತದೆ ಎಂಬುದನ್ನು ಮಾದರಿ ಹೀಗೆ ಲೆಕ್ಕ ಹಾಕುತ್ತದೆ: 1.4ರಿಂದ, 0.4 ಗುಣಿಸು ಪಿಪಿಎಂ ಭಾಗಿಸು 330 ಎಂಬುದನ್ನು ಕಳೆಯಿರಿ. 330ಕ್ಕೆ 1 ಬರುತ್ತದೆ. 660ಕ್ಕೆ 0.6. ಈ ಸರಳ ಗೆರೆ ನಿಂತಿರುವುದು ಆ ಎರಡರ ನಡುವಿನ ಪ್ರಯೋಗಗಳ ಮೇಲೆ. ಇಂಗಾಲವನ್ನು ಅತಿ ಹೆಚ್ಚು ಬಿಡುತ್ತೇವೆ ಎಂದುಕೊಳ್ಳುವ ಎಸ್‌ಎಸ್‌ಪಿ5-8.5 ದಾರಿಯಲ್ಲಿ 2100ಕ್ಕೆ 1,100 ಪಿಪಿಎಂ ದಾಟುತ್ತದೆ. 1,100 ಹಾಕಿ ನೋಡಿ, 0.07 ಬರುತ್ತದೆ. 1,155ಕ್ಕೆ ಸೊನ್ನೆ. ಅಂದರೆ ಆಗುಂಬೆಯ ಕಾಡು ಉಸಿರಾಡುವುದನ್ನೇ ನಿಲ್ಲಿಸಿತು ಎಂದು ಮಾದರಿ ಹೇಳುತ್ತಿದೆ. ನಾನಾದರೆ 660ಕ್ಕೆ ಮಿತಿ ಹಾಕಿ, ಅದನ್ನು ವರದಿಯಲ್ಲಿ ಬರೆಯುತ್ತೇನೆ.

ಹಾರ್ಗ್ರೀವ್ಸ್ ವಿಧಾನಕ್ಕೆ ಈ ತೊಂದರೆ ಇಲ್ಲ, ಏಕೆಂದರೆ ಅದು ಇಂಗಾಲವನ್ನು ನೋಡುವುದೇ ಇಲ್ಲ. ತಾಪಮಾನ ಒಂದೇ ಅದಕ್ಕೆ ಆಧಾರ. ಎರಡೂ ವಿಧಾನದಲ್ಲಿ ಓಡಿಸಿ, ನೀರು ಹೆಚ್ಚೋ ಕಡಿಮೆಯೋ ಎಂಬ ದಿಕ್ಕೇ ಬದಲಾದರೆ ಅದನ್ನು ಮುಚ್ಚಿಡಬೇಡಿ.

ಹೋಲಿಕೆ ಯಾವುದರ ಜೊತೆ?

ಮುಂದಿನ ಕಾಲದ ಹೂಳನ್ನು ಅಳೆದ ಹೂಳಿನ ಜೊತೆ ಹೋಲಿಸಿದರೆ ಬದಲಾವಣೆಯೊಳಗೆ ಮಾದರಿಯ ತಪ್ಪೂ ಸೇರುತ್ತದೆ. ತಿಂಗಳ ಹೂಳಿಗೆ ಶೇ. 55ರವರೆಗಿನ ಪಕ್ಷಪಾತವನ್ನು ಒಪ್ಪಬಹುದು ಎಂಬುದು ಎಲ್ಲರೂ ಬಳಸುವ ಮಾನದಂಡ. ಅಷ್ಟು ತಪ್ಪಿರುವ ಮಾದರಿಯನ್ನು ಅಳತೆಗೆ ಹೋಲಿಸಿ ಹವಾಮಾನದಿಂದ ಶೇ. 12 ಏರಿಕೆ ಎಂದರೆ ಯಾರು ನಂಬಬೇಕು? ಅದೇ ಜಾಗತಿಕ ಮಾದರಿಯ ಹಿಂದಿನ ಕಾಲವನ್ನು, 2014ಕ್ಕೆ ಮುಗಿಯುವ ಭಾಗವನ್ನು, ಅದೇ ತಿದ್ದುಪಡಿಯೊಂದಿಗೆ ಓಡಿಸಿ ಅದರ ಜೊತೆ ಹೋಲಿಸಿ. ಎರಡೂ ಓಟಕ್ಕೆ ಎರಡು ಮೂರು ವರ್ಷ ಬೆಚ್ಚಗಾಗಲು ಬಿಡಿ, ಅಂದರೆ ಮೊದಲ ಆ ವರ್ಷಗಳ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲ್ಲ ಸರಿ ಮಾಡಿದ ಮೇಲೂ ಮಾದರಿಗಳು ಒಪ್ಪದಿದ್ದರೆ

ಒಂದು ಜಾಗತಿಕ ಮಾದರಿ ಹೂಳು ಶೇ. 10 ಇಳಿಯುತ್ತದೆ ಎನ್ನುತ್ತದೆ, ಇನ್ನೊಂದು ಶೇ. 60 ಏರುತ್ತದೆ ಎನ್ನುತ್ತದೆ. ಇದು ದೋಷವಲ್ಲ, ತಿದ್ದಲು ಹೋಗಬೇಡಿ. ಮುಂಗಾರು ಮುಂದೆ ಹೇಗಿರುತ್ತದೆ ಎಂಬುದರಲ್ಲೇ ಅವು ಒಪ್ಪುವುದಿಲ್ಲ. ಹೊಂದದ ಮಾದರಿಯನ್ನು ಕೈಬಿಡುವುದಾದರೆ ಅದರ ಹಿಂದಿನ ಕಾಲದ ಮುಂಗಾರು ಕೆಟ್ಟದಾಗಿದೆ ಎಂಬ ಕಾರಣಕ್ಕೆ ಕೈಬಿಡಿ. ಮುಂದಿನ ಉತ್ತರ ಹಿಡಿಸಲಿಲ್ಲ ಎಂಬ ಕಾರಣಕ್ಕಲ್ಲ.

ಉತ್ತರವನ್ನು ಶೇಕಡಾದಲ್ಲಿ ಬಿಡುವ ಬದಲು ಟಿಎಂಸಿಗೆ ಇಳಿಸಿ. ಈಗಿನ ದರದಲ್ಲಿ ಜಲಾಶಯ ವರ್ಷಕ್ಕೆ 0.4ರಿಂದ 0.6 ಟಿಎಂಸಿ ಕಳೆದುಕೊಳ್ಳುತ್ತಿದೆ. ಅದಕ್ಕೆ ಶೇ. 10 ಇಳಿಕೆ, ಶೇ. 60 ಏರಿಕೆ ಎರಡನ್ನೂ ಹಾಕಿದರೆ ಮೂವತ್ತು ವರ್ಷಕ್ಕೆ 11ರಿಂದ 29 ಟಿಎಂಸಿ ಎಂಬ ಪಟ್ಟಿ ಸಿಗುತ್ತದೆ. ನೀರಾವರಿ ಇಲಾಖೆಯ ಎಂಜಿನಿಯರ್ ಕೇಳುವುದು ಇದನ್ನೇ. ಪಟ್ಟಿಯ ಪಕ್ಕದಲ್ಲಿ ಭೂಬಳಕೆ, ಭದ್ರೆಯ ನೀರು ಬಿಡುವ ಕ್ರಮ ಎರಡನ್ನೂ ಇವತ್ತಿನಂತೆಯೇ ಇಟ್ಟಿದ್ದೇವೆ ಎಂದು ಒಂದು ಸಾಲು ಬರೆಯಿರಿ. ಹೊಲ ತೋಟವಾಗುವುದು, ತೋಟದ ಬದಿಗೆ ಚೆಕ್ ಡ್ಯಾಂ ಬರುವುದು ಈ ಲೆಕ್ಕದಲ್ಲಿ ಇಲ್ಲ.